ತೊಟ್ಟಿಲು ಚೆನ್ನಾಗಿದೆ

ನಮ್ಮ ಊರಿನಲ್ಲಿ ಮಗು ನೋಡಲು ಬಂದವರು ಮಗುವನ್ನು ನೋಡುವುದಿಲ್ಲ. ತೊಟ್ಟಿಲನ್ನು ನೋಡಿ, ‘ತೊಟ್ಟಿಲು ಚೆನ್ನಾಗಿದೆ’ ಎಂದು ಹೇಳಿ, ಕಾಫಿ ಕುಡಿದು ಹೋಗುತ್ತಾರೆ. ಅದು ಮರ್ಯಾದೆ. ಹೀಗಾಗಿ ಹೆಂಚು ಸೋರುವ ಮನೆಯಲ್ಲೂ ತೊಟ್ಟಿಲಿಗೆ ಬಣ್ಣ, ಗಿಳಿ, ಗೆಜ್ಜೆ ಇರುತ್ತವೆ. ಮಗುವನ್ನೇ ನೋಡುತ್ತಾ ಅದರ ಬಗ್ಗೆ ಮಾತಾಡಿದರೆ, ಆಡಿದ ಮಾತು ಮಗುವಿಗೆ ಅಂಟುತ್ತದೆ. ಬೆಳಿಗ್ಗೆ ‘ಸಣ್ಣಗಿದೆ’ ಅಂದರೆ ಸಂಜೆಗೆ ಬಳೆ ಕೈಯಿಂದ ಜಾರುತ್ತದೆ. ‘ಗುಂಡಗಿದೆ’ ಅಂದರೆ ಅಂಗಿಯ ಗುಂಡಿ ಹಾಕಲು ಬರುವುದಿಲ್ಲ. ಸ್ವಲ್ಪ ದಿನ ಯಾರೂ ಏನೂ ಅನ್ನದಿದ್ದರೆ ಮಾತು ಉದುರಿಹೋಗಿ ಮಗು ತನ್ನ ಅಳತೆಗೆ ಮರಳುತ್ತದೆ. ಹೆತ್ತವಳ ಮಾತು ಮಾತ್ರ ಅಂಟುವುದಿಲ್ಲ. ಅಂಟುವುದಿದ್ದರೆ ನನ್ನ ಕೆಲಸ ಒಂದೇ ನಿಮಿಷದಲ್ಲಿ ಮುಗಿಯುತ್ತಿತ್ತು.

ಇದೆಲ್ಲ ಮೊದಲ ತುತ್ತಿನವರೆಗೆ ಮಾತ್ರ. ಹಾಲಲ್ಲದ ಬೇರೆ ಏನನ್ನಾದರೂ ಮಗು ಮೊದಲ ಸಲ ನುಂಗಿದಾಗ ಗಟ್ಟಿಯಾಗುತ್ತದೆ. ಆ ಗಳಿಗೆಯಲ್ಲಿ ಮೈಮೇಲಿದ್ದ ಮಾತು ಜೀವಮಾನಕ್ಕೆ ಉಳಿಯುತ್ತದೆ. ಆಮೇಲೆ ಯಾರು ಏನಂದರೂ ಅಂಟುವುದಿಲ್ಲ. ತಿಂದದ್ದು ಮಾತ್ರ ಮೈಗೆ ಹತ್ತುತ್ತದೆ. ನಮ್ಮ ಹೈಸ್ಕೂಲಿನ ಗಣಿತದ ಮೇಷ್ಟ್ರಿಗೆ ಅವರ ಸೋದರಮಾವ ಪಾಯಸ ನೆಕ್ಕಿಸುತ್ತಾ, ‘ಇದಕ್ಕೆ ಕುತ್ತಿಗೆಯೇ ಇಲ್ಲವಲ್ಲೋ’ ಅಂದಿದ್ದರಂತೆ. ಈಗಲೂ ಇಲ್ಲ. ಹಿಂದಿನ ಬೆಂಚನ್ನು ಗದರಬೇಕಾದರೆ ಪೂರ್ತಿ ತಿರುಗುತ್ತಾರೆ. ನನ್ನ ಗಂಡ ಉಮಾಪತಿಗೆ ಅಂಟಿದ್ದು ‘ಬೆಲ್ಲದ ಅಚ್ಚು’. ಚೌಕಾಕಾರ, ಒಳ್ಳೆಯ ಬಣ್ಣ, ಬಿಸಿಲಿಗೆ ಬೇಗ ಕರಗುತ್ತಾನೆ. ನನಗೆ ಅಂಟಿದ್ದು ‘ಪರವಾಗಿಲ್ಲ’. ನನ್ನ ಮೂಗು ಪರವಾಗಿಲ್ಲ, ಎತ್ತರ ಪರವಾಗಿಲ್ಲ. ಆ ಮಾತು ಅಂದ ಚಿಕ್ಕಮ್ಮನ ಮೇಲೆ ನನಗೆ ಸಿಟ್ಟೂ ಇಲ್ಲ, ಪ್ರೀತಿಯೂ ಇಲ್ಲ.

ನನ್ನ ಅತ್ತೆ ಸಿದ್ದಲಿಂಗಮ್ಮನವರದು ಬೇರೆ ಕಥೆ. ಅವರ ಮೊದಲ ತುತ್ತಿನ ದಿನ ಯಾರೋ ನೆಂಟ ಬಾಗಿಲಲ್ಲಿ ಇಣುಕಿ, ‘ನೊಣದಷ್ಟಿದೆ ಮಗು’ ಅಂದುಬಿಟ್ಟಿದ್ದ. ಅತ್ತೆ ಈಗಲೂ ಅಷ್ಟೇ. ರೇಷನ್ ಅಂಗಡಿಯಲ್ಲಿ ಜನ ಅವರ ಮುಂದೆ ನುಗ್ಗುತ್ತಾರೆ. ಬೇಕೆಂದು ಅಲ್ಲ, ಅವರು ಕಾಣುವುದಿಲ್ಲ. ಬಸ್ಸಿನಲ್ಲಿ ಅವರ ತೊಡೆಯ ಮೇಲೆ ಕೂತುಬಿಟ್ಟು ಆಮೇಲೆ ಕ್ಷಮೆ ಕೇಳಿದವರಿದ್ದಾರೆ. ಅದಕ್ಕೇ ಅವರು ಜೋರಾಗಿ ಮಾತಾಡುವುದನ್ನು ಕಲಿತಿದ್ದರು. ಬೀದಿಯ ಆ ತುದಿಗೂ ಕೇಳಿಸುವಷ್ಟು.

ನನ್ನ ಮಗಳು ಹುಟ್ಟುವಾಗಲೇ ಸಣ್ಣ. ಯಾರೂ ಏನೂ ಅನ್ನದೆ ಸಣ್ಣ. ಅತ್ತೆ ಅವಳಿಗೆ ತುಂಗಾ ಎಂದು ಹೆಸರಿಟ್ಟರು. ತುಂಗ ಎಂದರೆ ಎತ್ತರ ಎಂದು ಯಾರೋ ಹೇಳಿದ್ದರಂತೆ. ಹೆಸರಿನಿಂದ ಏನೂ ಆಗಲಿಲ್ಲ. ಹಾಲು ಕುಡಿಯುತ್ತಿದ್ದಳು, ನಿದ್ದೆ ಮಾಡುತ್ತಿದ್ದಳು, ಕಾಲು ಬಡಿಯುತ್ತಿದ್ದಳು, ಸಣ್ಣಗೇ ಇದ್ದಳು.

ಜನ ಮರ್ಯಾದೆ ಗೊತ್ತಿದ್ದೂ ಬಾಯಿ ಬಿಡುತ್ತಾರೆ. ಗಂಡನ ಕಡೆಯ ಒಂದು ಮದುವೆಯಲ್ಲಿ, ಊಟದ ಪಂಕ್ತಿಯಿಂದ ಎದ್ದ ಒಬ್ಬ ಹೆಂಗಸು ಕೈ ತೊಳೆಯುವ ಮೊದಲೇ ನನ್ನ ಸೆರಗು ಸರಿಸಿ ಮಗುವನ್ನು ನೋಡಿದಳು. “ಅಯ್ಯೋ ಶಿವನೇ, ಇಲಿಮರಿ ಇದ್ದಂಗಿದೆಯಲ್ಲೇ! ಹಾಲು ಬರ್ತದೋ ಇಲ್ವೋ ನಿಂಗೆ?”

“ಹಾಲು ಬರ್ತದೆ. ನಿಮಗೆ ಮಾತು ಬರ್ತಾ ಇದೆ, ಅದೇ ತೊಂದರೆ,” ಅಂದೆ.

ಮಾತಿಗೆ ಮಾತು ಕೊಟ್ಟೆ, ನಿಜ. ಅದರಿಂದ ಮಗುವಿಗೆ ಏನೂ ಲಾಭವಾಗಲಿಲ್ಲ. ಮನೆಗೆ ಬರುವಷ್ಟರಲ್ಲಿ ತುಂಗಾಳ ಕಾಲ್ಗಡಗ ಎರಡೂ ಕಳಚಿ ಶಾಲಿನಲ್ಲಿ ಬಿದ್ದಿದ್ದವು. ಮುಖ ಮೊನಚಾಗಿತ್ತು. ಅಳು ಕೂಡ ಕೀಚಲಾಗಿತ್ತು. ಅತ್ತೆ ಅವಳನ್ನು ಎತ್ತಿಕೊಂಡು ಗೋಡೆಯ ಕಡೆ ತಿರುಗಿ ನಿಂತರು. ಆ ಮಾತು ಪೂರ್ತಿ ಉದುರುವ ತನಕ ನಾವು ಬಾಗಿಲು ತೆರೆಯಲಿಲ್ಲ. ಉದುರಿದ ಮೇಲೆ ಅತ್ತೆ ನನ್ನ ಎದುರು ಕೂತರು.

“ಇನ್ನು ತಡ ಬೇಡ ಕಣೆ ವಿನುತಾ. ಪುಟ್ಟನಂಜಮ್ಮನ್ನ ಕರೆಸ್ತೀನಿ. ತುಂಬಿಸಿ, ಗಟ್ಟಿ ಮಾಡಿಬಿಡಣ.”

ಪುಟ್ಟನಂಜಮ್ಮ ನಮ್ಮ ಊರಿನಲ್ಲಿ ಮಕ್ಕಳನ್ನು ತುಂಬಿಸುವವರು. ನಾಲ್ಕಾರು ಹೆಂಗಸರನ್ನು ಕರೆದುಕೊಂಡು ಬಂದು, ಮಗುವಿನ ಸುತ್ತ ಕೂತು, ಬೆಣ್ಣೆ ಉಂಡೆ, ಹಲಸಿನ ಹಣ್ಣು, ಆನೆಮರಿ ಎಂದೆಲ್ಲ ಹೇಳುತ್ತಾರೆ. ಮಗು ಕಣ್ಣೆದುರೇ ಉಬ್ಬುತ್ತದೆ. ಬೇಕಾದಷ್ಟು ಉಬ್ಬಿದಾಗ ಅಕ್ಕಿ ಪಾಯಸ ನುಂಗಿಸುತ್ತಾರೆ. ಅಲ್ಲಿಗೆ ಗಟ್ಟಿ. ಊರಿನ ಅರ್ಧ ಮಕ್ಕಳು ಹಾಗೆ ಆದವರೇ. ಫೋಟೋದಲ್ಲಿ ಚೆನ್ನಾಗಿ ಕಾಣುತ್ತಾರೆ.

ಆದರೆ ಹಿಂದಿನ ಬೀದಿಯ ಚಂಪಕಳ ಮಗನನ್ನು ನಾನು ನೋಡಿದ್ದೆ. ಅವನನ್ನು ತುಂಬಿಸಿದ್ದು ದಪ್ಪ ಹೊಟ್ಟೆಯ ಮಣ್ಣಿನ ‘ಗುಡಾಣ’ ಎಂದು. ಶಾಲೆಗೆ ಸೇರುವ ವಯಸ್ಸಾಯಿತು, ಕೂರಿಸಿದರೆ ಕೂತಿರುತ್ತಾನೆ, ತಳ್ಳಿದರೆ ಅಲ್ಲಾಡುತ್ತಾನೆ. ಎತ್ತಿಕೊಂಡರೆ ಭಾರವೇ ಇಲ್ಲ. ಮಾತಿನ ದಪ್ಪ ಪೂರಿಯ ಹಾಗೆ, ಒಳಗೆ ಗಾಳಿ. ನೋಡಿದವರೆಲ್ಲ ಚಂಪಕಳಿಗೆ, ‘ಏನಮ್ಮ ಹಾಕ್ತೀಯಾ ಇವನಿಗೆ’ ಎಂದು ಮೆಚ್ಚುಗೆಯಿಂದ ಕೇಳುತ್ತಾರೆ. ಅವಳು ನಗುತ್ತಾಳೆ. ಮಗನನ್ನು ಸೊಂಟದ ಮೇಲೆ ಹೊತ್ತೇ ನೀರು ತರುತ್ತಾಳೆ.

“ಬೇಡ ಅತ್ತೆ,” ಅಂದೆ. “ಅವಳು ಇರೋ ಅಳತೆಯಲ್ಲೇ ಗಟ್ಟಿ ಆಗ್ಲಿ. ಆಮೇಲೆ ತಿಂದು ಬೆಳೀತಾಳೆ.”

“ಇರೋ ಅಳತೆ ಅಂತೆ! ಇರೋದೇ ಇಷ್ಟು!” ಅತ್ತೆ ಎರಡು ಬೆರಳಿನ ನಡುವೆ ಗಾಳಿ ಹಿಡಿದು ತೋರಿಸಿದರು. ಮಗುವಿನ ಕಡೆ ನೋಡಲಿಲ್ಲ, ಅಷ್ಟು ಎಚ್ಚರ ಅವರಿಗಿತ್ತು. “ಹಾಸ್ಟೆಲ್ನಲ್ಲಿ ಬುಕ್ ಓದ್ದೋಳಿಗೆ ಏನ್ ಗೊತ್ತು? ಒಂದು ಜನ್ಮ ಪೂರ್ತಿ ನೊಣ ಆಗಿದ್ದು ನೋಡು, ಗೊತ್ತಾಗ್ತದೆ. ಶುಕ್ರವಾರ ಬರಾಕೆ ಹೇಳಿದೀನಿ. ಅಷ್ಟೆ.”

ಉಮಾಪತಿ ಮೋಟಾರ್ ರಿಪೇರಿ ಅಂಗಡಿಯಿಂದ ಬಂದು ಕೈ ತೊಳೆಯುತ್ತಿದ್ದ. ನಾನು ಅವನ ಮುಖ ನೋಡಿದೆ. ಅವನು ಸೋಪು ನೋಡಿದ.

ಮರುದಿನ ಆಸ್ಪತ್ರೆಗೆ ಹೋದೆ. ಅಲ್ಲಿನ ಫ್ಲೋರಿನಾ ಸಿಸ್ಟರ್ ಕಡಲಿನ ಕಡೆಯವರು, ವರ್ಗವಾಗಿ ಬಂದಿದ್ದರು. ಮೊದಮೊದಲು ತಕ್ಕಡಿ ನೋಡಿ ಏನೋ ಅಂದು ಅಂದು ಒಂದು ಓಣಿಯ ಮಕ್ಕಳನ್ನೆಲ್ಲ ಕುಗ್ಗಿಸಿಬಿಟ್ಟಿದ್ದರು. ಈಗ ತೂಕ ಮಾಡುವಾಗ ತುಟಿಯ ನಡುವೆ ಪೆನ್ಸಿಲು ಕಚ್ಚಿಕೊಳ್ಳುತ್ತಾರೆ. ತೂಕ ಮಾಡಿ ಮುಗಿಸಿ, ಕಿಟಕಿಯ ಕಡೆ ತಿರುಗಿ ಪೆನ್ಸಿಲು ತೆಗೆದರು.

“ಹೋದ ತಿಂಗಳಿಗಿಂತ ಏರಿದೆ, ಅದರ ಹಿಂದಿನ ತಿಂಗಳಿಗಿಂತಲೂ ಏರಿದೆ. ಮತ್ತೆಂತ ಬೇಕು ಮಾರಾಯ್ರೆ? ಪಕ್ಕದ ಮನೆಯ ಮಗುವಿನ ಜೊತೆ ಇಟ್ಟು ನೋಡ್ಬೇಡಿ. ಇವಳನ್ನು ಇವಳ ಜೊತೆಯೇ ಇಟ್ಟು ನೋಡಿ.”

“ಊಟ ಶುರು ಮಾಡಬಹುದಾ?”

“ಆರು ತಿಂಗಳು ತುಂಬಿತಲ್ಲ. ಒರಗದೆ ಕೂತ್ಕೊಳ್ತಾಳಾ? ನೀವು ಉಣ್ಣುವಾಗ ನಿಮ್ಮ ಬಾಯಿ ನೋಡ್ತಾಳಾ?”

“ನನ್ನ ಬಾಯಿ ಅಲ್ಲ, ತಟ್ಟೆಯನ್ನೇ ನೋಡ್ತಾಳೆ.”

“ಹಾಗಾದ್ರೆ ಶುರು ಮಾಡಿ. ಪಾಯಸ ಬೇಡ, ಸಕ್ಕರೆ ಉಪ್ಪು ಎಂತದ್ದೂ ಬೇಡ ಈಗ. ರಾಗಿ ಹಿಟ್ಟು ಬೇಯಿಸಿ ಸರಿ ಮಾಡಿ ಕೊಡಿ, ಚಮಚದಿಂದ ಜಾರದಷ್ಟು ಗಟ್ಟಿ. ನಾಲಿಗೆಯಲ್ಲಿ ಹೊರಗೆ ತಳ್ತಾಳೆ. ತಳ್ಳಲಿ. ಅದು ಬೇಡ ಅಂತ ಅಲ್ಲ, ನುಂಗಲಿಕ್ಕೆ ಇನ್ನೂ ಬರುದಿಲ್ಲ ಅಂತ ಅಷ್ಟೆ. ಬಾಯಿಗೆ ತುರುಕ್ಬೇಡಿ. ನಾಳೆ ಮತ್ತೆ ಕೊಡಿ.”

ನಮ್ಮ ಊರಿನಲ್ಲಿ ಮೊದಲ ತುತ್ತಿಗೆ ಯಾರೂ ಸರಿ ಕೊಟ್ಟವರಿಲ್ಲ. ಪಾಯಸವೇ ಪದ್ಧತಿ, ಸರಿ ಏನಿದ್ದರೂ ಆಮೇಲೆ. ನನಗೆ ಪದ್ಧತಿಯ ಹಂಗು ಇರಲಿಲ್ಲ. ಮೊಳಕೆ ಬರಿಸಿ ಒಣಗಿಸಿದ ರಾಗಿಯನ್ನು ಅಮ್ಮ ಮೊದಲೇ ಕಳಿಸಿದ್ದಳು. ಬೀಸಿಸಿ, ಹಳೆಯ ಪಂಚೆಯಲ್ಲಿ ವಸ್ತ್ರಗಾಳಿಸಿ, ಡಬ್ಬಿಗೆ ತುಂಬಿದೆ. ಶುಕ್ರವಾರಕ್ಕೆ ಮೊದಲು, ಮನೆಯಲ್ಲಿ ಮಾತಿಲ್ಲದ ಹೊತ್ತು ನೋಡಿ, ಅವಳು ಒಂದು ಚಮಚ ನುಂಗಿದರೆ ಸಾಕು. ಮೈಮೇಲೆ ಯಾವ ಮಾತೂ ಇಲ್ಲದೆ ಗಟ್ಟಿಯಾಗುತ್ತಾಳೆ. ನಮ್ಮ ಊರಿನಲ್ಲಿ ಹಾಗೆ ಆದವರು ಯಾರೂ ಇದ್ದಂತಿಲ್ಲ. ಇದ್ದಿದ್ದರೆ ಹೇಗಿರುತ್ತಿದ್ದರೋ, ನೋಡಬೇಕು ಅನ್ನಿಸಿತು.

ಅವಳು ನುಂಗಲಿಲ್ಲ. ಬೆಳಿಗ್ಗೆ ಅತ್ತೆ ದೇವರ ಮನೆಯಲ್ಲಿದ್ದಾಗ, ನಾನು ಅಡುಗೆಮನೆಯ ನೆಲದ ಮೇಲೆ ಅವಳನ್ನು ಮಡಿಲಲ್ಲಿ ನೆಟ್ಟಗೆ ಕೂರಿಸಿಕೊಂಡು ಚಮಚ ಹಿಡಿದೆ. ಬಾಯಿ ತೆರೆದಳು. ಸರಿ ಒಳಗೆ ಹೋಯಿತು. ನಾಲಿಗೆ ಅದನ್ನು ಬಾಗಿಲಿನಿಂದ ಕಸ ತಳ್ಳಿದ ಹಾಗೆ ಹೊರಗೆ ತಳ್ಳಿತು. ಗಲ್ಲ, ಕುತ್ತಿಗೆ, ನನ್ನ ಕೈ. ಮತ್ತೆ ಒಳಗೆ, ಮತ್ತೆ ಹೊರಗೆ. ಅವಳಿಗೆ ಇದು ಆಟವೆನ್ನಿಸಿ ನಕ್ಕಳು. ನನಗೆ ನಗು ಬರಲಿಲ್ಲ. ಮಾರನೆಯ ದಿನವೂ ಹಾಗೆಯೇ. ಅವಳ ಮೂಗನ್ನು ಹಿಡಿದರೆ ನುಂಗುತ್ತಾಳೆ ಎಂದು ಒಂದು ಗಳಿಗೆ ಯೋಚನೆ ಬಂತು. ಹಿಡಿಯಲಿಲ್ಲ. ಹಾಗೆ ನುಂಗಿಸಿದರೆ ಪುಟ್ಟನಂಜಮ್ಮನಿಗೂ ನನಗೂ ವ್ಯತ್ಯಾಸ ಏನು? ಚಮಚ ತೊಳೆದಿಟ್ಟೆ. ನಾಳೆ ಮತ್ತೆ ಕೊಡುವುದು.

ಗುರುವಾರ ರಾತ್ರಿ ಊಟಕ್ಕೆ ಕೂತಾಗ ಉಮಾಪತಿ, “ಅಮ್ಮ ಹೇಳೋದ್ರಲ್ಲೂ ಅರ್ಥ ಇದೆ ಅಲ್ವಾ?” ಅಂದ.

“ಇದೆ. ಅವರ ಭಯಕ್ಕೆ ಅರ್ಥ ಇದೆ. ಅದಕ್ಕೆ ನನ್ನ ಮಗಳನ್ನ ಯಾಕೆ ಊದಬೇಕು?”

“ನಂಗೂ ಅಂಟಿಸಿದ್ರಲ್ಲ. ಚೆನ್ನಾಗೇ ಇದೀನಲ್ಲ.”

“ನಿಂಗೆ ಅಂಟಿದ್ದು ಬೆಲ್ಲ. ನಿನ್ನ ಅದೃಷ್ಟ. ಚಂಪಕಳ ಮಗನ್ನ ಒಂದು ಸಲ ಎತ್ಕೊಂಡು ನೋಡಿ ಬಾ, ಆಮೇಲೆ ಮಾತಾಡು.”

ಅವನು ಎದ್ದು ಹೋದ. ಸಿಟ್ಟು ಬಂದಿರಬೇಕು ಅಂದುಕೊಂಡೆ. ಸ್ವಲ್ಪ ಹೊತ್ತಿನ ಮೇಲೆ ಬಂದು, ತೋಳುಗಳನ್ನು ಮುಂದೆ ಚಾಚಿಕೊಂಡು, ಅದರ ಮೇಲೆ ಏನೂ ಇಲ್ಲದ್ದನ್ನು ನೋಡುತ್ತಾ ನಿಂತ. “ಏನೂ ತೂಕ ಇಲ್ಲ ಕಣೆ,” ಅಂದ. ಅಮ್ಮನಿಗೆ ಎದುರು ಹೇಳುವುದು ಅವನಿಂದ ಆಗದು. ಬೆಲ್ಲ ಅಲ್ಲವೇ.

ಶುಕ್ರವಾರ ಬೆಳಿಗ್ಗೆ ಅವರು ಹೇಳಿದ್ದಕ್ಕಿಂತ ಬೇಗ ಬಂದರು. ನಾನು ಅಡುಗೆಮನೆಯಲ್ಲಿ ಸರಿಯ ಬಟ್ಟಲು ಹಿಡಿದು ಕೂತಿದ್ದೆ. ತುಂಗಾ ಮಡಿಲಲ್ಲಿದ್ದಳು, ಬಾಯಲ್ಲಿ ಮೊದಲ ಚಮಚ. ಚಪ್ಪಲಿಗಳ ಸದ್ದು, ಬಳೆಗಳ ಸದ್ದು, ಆಮೇಲೆ ಪುಟ್ಟನಂಜಮ್ಮ ಬಾಗಿಲಿನಲ್ಲಿ. ಎತ್ತರದ, ಮೆದು ಮಾತಿನ ಹೆಂಗಸು. ಆಕೆ ಎಂದೂ ಧ್ವನಿ ಏರಿಸುವುದಿಲ್ಲ. ಹಿಂದೆ ಐದಾರು ಹೆಂಗಸರು, ಎಲ್ಲರ ಹಿಂದೆ, ಕಾಣಿಸದೆ, ಪಾಯಸದ ಪಾತ್ರೆ ಹಿಡಿದ ಅತ್ತೆ.

“ಅಡುಗೆಮನೇಲೇ ಆಗ್ಲಿ ಬಿಡು, ಏಳ್ಬೇಡ,” ಎಂದು ಪುಟ್ಟನಂಜಮ್ಮ ನನ್ನ ಎದುರು ಕೂತು, ಮಗುವನ್ನು ನೇರವಾಗಿ ನೋಡಿದರು. “ಆಹಾ. ಏನ್ ಕೆನ್ನೆ, ಏನ್ ಕೆನ್ನೆ. ಬೆಣ್ಣೆ ಉಂಡೆ ನಮ್ಮವ್ವ.”

ಮಡಿಲಲ್ಲಿ ಅವಳು ಉಬ್ಬುವುದು ನನಗೆ ಗೊತ್ತಾಯಿತು. ಅಂಗಿ ಬಿಗಿಯಾಯಿತು. ಕಣ್ಣುಗಳು ಕೆನ್ನೆಯ ಹಿಂದೆ ಸರಿದವು. ತೂಕ ಮಾತ್ರ ಒಂದಿಷ್ಟೂ ಹೆಚ್ಚಲಿಲ್ಲ.

“ಹಲಸಿನ ಹಣ್ಣು,” ಅಂದಳು ಒಬ್ಬಳು.

“ಗುಡಾಣ,” ಎಂದಳು ಇನ್ನೊಬ್ಬಳು.

ನಾನು ಎದ್ದು ಹೋಗಬಹುದಿತ್ತು. ಬಾಗಿಲು ತುಂಬ ಹೆಂಗಸರಿದ್ದರು. ಬಾಯಿಗೆ ಬಾಯಿ ಕೊಡಬಹುದಿತ್ತು. ಅದರ ಲಾಭ ಮದುವೆಯಲ್ಲಿ ನೋಡಿದ್ದೆ. ಹಾಗಾಗಿ ಮಾಡುತ್ತಿದ್ದ ಕೆಲಸವನ್ನೇ ಮಾಡಿದೆ. ಚಮಚ ತುಂಬಿ ಮಗಳ ಬಾಯಿಗೆ ಹಿಡಿದೆ. ಅವಳು ಬಾಯಿ ತೆರೆದಳು. ತಳ್ಳಿದಳು. ಗಲ್ಲದ ಮೇಲೆ ಕಂದು ಬಣ್ಣ ಇಳಿಯಿತು.

ಪುಟ್ಟನಂಜಮ್ಮ ಮುಂದೆ ಬಾಗಿ ಆ ಬಾಯನ್ನೇ ನೋಡಿದರು. ಅವರ ಮೆದು ಧ್ವನಿ ಮೊದಲ ಸಲ ಏರಿತು. “ಅದೇನೇ ಹುಡುಗಿ? ಬಾಯಲ್ಲಿ ಏನಿಟ್ಟಿದೀಯ ಕೂಸಿಗೆ?”

“ಸರಿ,” ಅಂದೆ.

“ಸರೀನಾ?”

“ಸರಿ.”

“ಸರಿ!” ಎಂದು ಪುಟ್ಟನಂಜಮ್ಮ ಮಗುವಿನ ಮುಖದಿಂದ ಕಣ್ಣು ತೆಗೆಯದೆ ಅಂದರು.

ತುಂಗಾಳ ಎಡಗೆನ್ನೆ ಇಳಿಯಿತು. ನಾನು ನೋಡಿದೆ. ಪೂರಿಗೆ ಚುಚ್ಚಿದ ಹಾಗೆ, ಮೆಲ್ಲಗೆ, ಒಂದು ಕೆನ್ನೆ ಅವಳದೇ ಕೆನ್ನೆಯಾಯಿತು. ಬೇರೆ ಯಾರೂ ಗಮನಿಸಲಿಲ್ಲ. ಅವರೆಲ್ಲ ಪಾಯಸಕ್ಕೆ ಮೊದಲೇ ಹೀಗಾಯಿತಲ್ಲ ಎಂಬ ಗಾಬರಿಯಲ್ಲಿ ಮಗುವಿನ ಬಾಯಿಯನ್ನೇ ನೋಡುತ್ತಿದ್ದರು. ನನ್ನ ತಲೆ ತಣ್ಣಗೆ ಕೆಲಸ ಮಾಡಿತು. ಚಮಚ ತುಂಬುತ್ತಾ ಹಿಂದಿನವರನ್ನು ಕೇಳಿದೆ, “ಏನು? ನೀವೇನಂದ್ರಿ, ಕೇಳಿಸ್ಲಿಲ್ಲ.”

“ಸರಿ ಅಂತೆ ಕಣ್ರೇ,” ಎಂದಳು ಹಲಸಿನ ಹಣ್ಣು ಅಂದವಳು, ಕುತ್ತಿಗೆ ಉದ್ದ ಮಾಡಿ ಮಗುವನ್ನು ನೋಡುತ್ತಾ.

“ಏನಂತೆ?”

“ಸರಿ! ಸರಿ!”

“ಅಯ್ಯೋ, ಸರಿ ಕಣೇ, ನಾನೇ ನೋಡ್ದೆ, ಸರೀನೇ!”

ಬಲಗೆನ್ನೆ ಇಳಿಯಿತು. ಕಣ್ಣುಗಳು ಹೊರಗೆ ಬಂದವು. ಅಂಗಿ ಸಡಿಲವಾಯಿತು. ಒಬ್ಬಳಿಂದ ಒಬ್ಬಳಿಗೆ ಆ ಮಾತು ಬಾಗಿಲಿನ ತನಕ ಹೋಗಿ ಮರಳಿ ಬಂತು. ಪುಟ್ಟನಂಜಮ್ಮನಿಗೆ ಆಗ ಹೊಳೆಯಿತು. ಕೈ ಎತ್ತಿ, “ಬಾಯ್ಮುಚ್ರೇ! ಯಾರೂ ಸರಿ ಅನ್ಬ್ಯಾಡಿ!” ಎಂದು ಕೂಗಿದರು. ಅದನ್ನೂ ಮಗುವನ್ನು ನೋಡುತ್ತಲೇ ಅಂದರು.

ಅದೇ ಗಳಿಗೆಯಲ್ಲಿ ತುಂಗಾಳ ನಾಲಿಗೆ ತಳ್ಳುವುದನ್ನು ನಿಲ್ಲಿಸಿತು. ಏನೋ ಯೋಚಿಸುವವಳ ಹಾಗೆ ಬಾಯಿ ಮುಚ್ಚಿದಳು. ಗಂಟಲು ಒಂದು ಸಲ ಅಲ್ಲಾಡಿತು. ನುಂಗಿದಳು.

ಗಟ್ಟಿಯಾದದ್ದು ಎಲ್ಲರಿಗೂ ಗೊತ್ತಾಯಿತು, ಅದು ಆದಾಗ ಗೊತ್ತಾಗುತ್ತದೆ. ಮಡಿಲಲ್ಲಿ ಅವಳ ತೂಕ ಬಂದು ಕೂತಿತು. ಹೆಚ್ಚಲ್ಲ. ಇದ್ದಷ್ಟೇ, ಆದರೆ ಪೂರ್ತಿ.

ಪುಟ್ಟನಂಜಮ್ಮ ಎದ್ದು ಸೀರೆ ಕೊಡವಿಕೊಂಡರು. “ಎಷ್ಟು ಮಕ್ಕಳನ್ನ ತುಂಬಿಸಿದೀನಿ,” ಅಂದರು. “ಬಾಯಿ ತಪ್ಪಿದ್ದು ಇದೇ ಮೊದಲು. ಗಟ್ಟಿಗಿತ್ತಿ ಕಣೆ ನೀನು.” ನನ್ನನ್ನು ನೋಡಿ ಅಂದರು. ನನಗೆ ಏನೂ ಅಂಟಲಿಲ್ಲ. ನಾನು ಎಂದೋ ಪರವಾಗಿಲ್ಲ ಆಗಿದ್ದವಳು.

ಎಲ್ಲರೂ ಹೋದ ಮೇಲೆ ಅತ್ತೆ ಒಬ್ಬರೇ ಉಳಿದರು. ಪಾಯಸದ ಪಾತ್ರೆ ಕೆಳಗಿಟ್ಟರು. ಆಮೇಲೆ ನಿಧಾನವಾಗಿ ಮೊಮ್ಮಗಳನ್ನು ನೇರವಾಗಿ ನೋಡಿದರು. ಹುಟ್ಟಿದಾಗಿನಿಂದ ಮಾತು ಜಾರುತ್ತದೆಂಬ ಹೆದರಿಕೆಗೆ ಅವಳನ್ನು ಗೋಡೆಯ ಕಡೆ ತಿರುಗಿಯೇ ಎತ್ತಿಕೊಂಡವರು ಅವರು. ಈಗ ಹೆದರಬೇಕಾಗಿರಲಿಲ್ಲ.

“ಸಣ್ಣಗವ್ಳೆ,” ಅಂದರು.

“ಹೌದು ಅತ್ತೆ. ಸಣ್ಣಗಿದಾಳೆ.”

ಏನೂ ಆಗಲಿಲ್ಲ. ಕಾಲ್ಗಡಗ ಕಾಲಿನಲ್ಲೇ ಇತ್ತು. ಅತ್ತೆಯ ಮುಖದಲ್ಲಿ ಸಿಟ್ಟು ಇತ್ತೋ ಸೋಲು ಇತ್ತೋ, ನಾನು ಹುಡುಕಲು ಹೋಗಲಿಲ್ಲ. ಪಾಯಸವನ್ನು ಆ ದಿನ ಉಮಾಪತಿ ಒಬ್ಬನೇ ತಿಂದ.

ಜನ ಸುಮ್ಮನಾದರು ಎಂದೇನೂ ಅಲ್ಲ. ಈಗ ಅಂಟುವ ಭಯ ಇಲ್ಲದ್ದರಿಂದ ಇನ್ನೂ ಧಾರಾಳವಾಗಿ ಅನ್ನುತ್ತಾರೆ. ತರಕಾರಿ ಮಾರುಕಟ್ಟೆಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ, ‘ಏನಮ್ಮ, ಇಷ್ಟೇನಾ ಇದು, ಏನೂ ತಿನ್ನಿಸಲ್ವಾ’. ಮೊದಮೊದಲು ನನ್ನ ಹೆಬ್ಬೆರಳು ತಾನಾಗಿ ಹೋಗಿ ಅವಳ ಮಣಿಕಟ್ಟು ಅಳೆಯುತ್ತಿತ್ತು. ಅದು ಇದ್ದಷ್ಟೇ ಇರುತ್ತಿತ್ತು. ಮಕ್ಕಳಿಗೆ ಅಂಟುವುದು ನಿಂತ ಮೇಲೆ ಮಾತು ತಾಯಂದಿರಿಗೆ ಅಂಟಲು ಶುರುವಾಗುತ್ತದೆ, ಅದನ್ನು ಉದುರಿಸುವ ಪದ್ಧತಿ ನಮ್ಮ ಊರಿನಲ್ಲಿ ಇಲ್ಲ. ನಾನು ಒಂದು ಮಾಡಿಕೊಂಡಿದ್ದೇನೆ. ಯಾರಾದರೂ ಅಂದರೆ, ಬೆಳಿಗ್ಗೆ ಅವಳು ಏನೇನು ತಿಂದಳು ಎಂದು ನಿಂತು ಪೂರ್ತಿ ಹೇಳುತ್ತೇನೆ. ಹಿಸುಕಿದ ಕುಂಬಳಕಾಯಿ, ಅದರಲ್ಲಿ ಎಷ್ಟು ಕಿವಿಗೆ ಹೋಯಿತು, ಎಷ್ಟು ನೆಲಕ್ಕೆ, ಎಷ್ಟು ಒಳಗೆ. ಅವರೇ ಬಸ್ಸು ಬಂತೆಂದು ಹೊರಟುಬಿಡುತ್ತಾರೆ.

ಆ ಶುಕ್ರವಾರದ ಮೇಲೆ ಅತ್ತೆ ಕೆಲವು ದಿನ ನನ್ನ ಜೊತೆ ಮಾತು ಬಿಟ್ಟಿದ್ದರು. ಒಂದು ಬೆಳಿಗ್ಗೆ ನಾನು ಒಲೆಯ ಮುಂದೆ ನಿಂತು ಹಿಟ್ಟು ಗಂಟಾಗದ ಹಾಗೆ ತಿರುವುತ್ತಿದ್ದೆ. ತುಂಗಾ ಹಿಂದೆ ನೆಲದ ಮೇಲೆ ಬಟ್ಟಲು ಬಡಿಯುತ್ತಿದ್ದಳು. ಪಕ್ಕದಲ್ಲಿ ಯಾರೋ ಬಂದು ನಿಂತ ಹಾಗಾಯಿತು. ಅತ್ತೆಯನ್ನು ಕಾಣಬೇಕಾದರೆ ಕಣ್ಣು ತಗ್ಗಿಸಬೇಕು. ತಗ್ಗಿಸಿ ನೋಡಿದೆ. ಅವರು ಪಾತ್ರೆಯೊಳಗೆ ಇಣುಕುತ್ತಿದ್ದರು.

“ಸರಿ ಆಯ್ತಾ?” ಎಂದು ಕೇಳಿದರು.

“ಇಲ್ಲ ಅತ್ತೆ. ಇನ್ನೊಂಚೂರು ಗಟ್ಟಿ ಆಗಬೇಕು.”

“ಕೊಡು ಇಲ್ಲಿ,” ಎಂದು ಸೌಟು ಕಿತ್ತುಕೊಂಡರು. “ಉರಿ ಕಮ್ಮಿ ಮಾಡು. ಕೂಸು ಬಟ್ಲು ಬಡಿಯೋದು ಆ ಬೀದಿಗೂ ಕೇಳಿಸ್ತಾ ಇದೆ.”